ಹೊಸ ಎನ್‌ಮ್ಯಾಪ್ ಹಾಕಿಕೊಳ್ಳಬೇಕೇ? ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ನೆಟ್‌ವರ್ಕ್‌ನಲ್ಲಿ ಯಾವ ಯಾವ ಸಾಧನಗಳಿವೆ, ಯಾವುದರ ಯಾವ ಪೋರ್ಟ್ (ಮಾಹಿತಿ ಒಳಹೊರಗೆ ಹೋಗುವ, ಸಂಖ್ಯೆಯಿಂದ ಗುರುತಿಸುವ ಬಾಗಿಲು) ತೆರೆದಿದೆ ಎಂದು ಹುಡುಕಿ ಹೇಳುವ ಮುಕ್ತ ತಂತ್ರಾಂಶ ಎನ್‌ಮ್ಯಾಪ್. ಗಾರ್ಡನ್ ಲಯನ್ ಇದನ್ನು 1997ರ ಸೆಪ್ಟೆಂಬರ್‌ನಲ್ಲಿ ಹೊರತಂದರು. ಇದರ 7.98 ಆವೃತ್ತಿಯ ಸುತ್ತ ಕೊಡಗಿನಿಂದ ಬಂದ ಪ್ರಶ್ನೆಗಳು ಈ ಸಲದ ಅಂಕಣದಲ್ಲಿವೆ.

ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ‘ದೊಡ್ಡಕ್ಷರ’ ಎಂದು ಹೇಳದ ಕಡೆಯೆಲ್ಲ ಸಣ್ಣಕ್ಷರವೇ. ಇದರಲ್ಲಿ ಎಚ್ಚರ ಬೇಕು: -ಎಸ್‌ಎನ್ ಎಂಬಲ್ಲಿ ಎನ್ ಸಣ್ಣದಿದ್ದರೆ ಯಾರು ಯಾರು ಇದ್ದಾರೆಂದು ಮಾತ್ರ ನೋಡುತ್ತದೆ, ದೊಡ್ಡದಾದರೆ ನಲ್ ಸ್ಕ್ಯಾನ್ ಎಂಬ ಬೇರೆಯೇ ಕೆಲಸ ಶುರುವಾಗುತ್ತದೆ.

ನನ್ನ ಉಬುಂಟು 24.04ರಲ್ಲಿ ಎನ್‌ಮ್ಯಾಪ್ 7.94 ಇದೆ. ಅಪ್‌ಡೇಟ್ ಕೊಟ್ಟರೂ 7.98 ಬರುತ್ತಿಲ್ಲ. ಹೊಸದು ಬೇಕೇಬೇಕೇ?
*ಓದುಗರು, ಕುಶಾಲನಗರ*

ನಿಮ್ಮ ಕಂಪ್ಯೂಟರಿನಲ್ಲಿ ತಪ್ಪಿಲ್ಲ. ಉಬುಂಟು ಒಂದು ಆವೃತ್ತಿ ಹೊರಬಂದ ಮೇಲೆ ಅದರ ಭಂಡಾರದಲ್ಲಿರುವ ಎನ್‌ಮ್ಯಾಪ್ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. 22.04 ಇರುವವರ ಬಳಿ ಇನ್ನೂ 7.80 ಇದೆ.

ಬೇಕೋ ಬೇಡವೋ ಎಂಬುದು ನಿಮ್ಮ ಕೆಲಸದ ಮೇಲೆ ಹೋಗುತ್ತದೆ. 2024ರ 7.95ರಲ್ಲಿ ಸಾಧನಗಳ ಗುರುತುಪಟ್ಟಿ ದೊಡ್ಡ ಪ್ರಮಾಣದಲ್ಲಿ ಬೆಳೆಯಿತು, ಕಾರ್ಯಾಚರಣೆ ವ್ಯವಸ್ಥೆಗಳ ಗುರುತುಗಳೇ 6,000 ದಾಟಿದವು. 2025ರ ಮೇ ತಿಂಗಳಲ್ಲಿ ಬಂದ 7.96 ತಾಣದ ಹೆಸರಿನಿಂದ ಅದರ ಸಂಖ್ಯಾ ವಿಳಾಸ ತಿಳಿಯುವ ಡಿಎನ್‌ಎಸ್ ಹುಡುಕಾಟವನ್ನು ಹಲವು ಹೆಸರುಗಳಿಗೆ ಏಕಕಾಲಕ್ಕೆ ನಡೆಸಲು ಕಲಿತಿತು. ಹತ್ತು ಲಕ್ಷ ಹೆಸರಿನ ಪಟ್ಟಿಗೆ ಮೊದಲು 49 ಗಂಟೆ ಹಿಡಿಯುತ್ತಿದ್ದುದು ಈಗ ಒಂದು ಗಂಟೆ ಚಿಲ್ಲರೆಗೆ ಇಳಿದಿದೆ ಎಂದು ಬಿಡುಗಡೆ ಟಿಪ್ಪಣಿ ಹೇಳುತ್ತದೆ. ಮನೆಯ ಹದಿನೈದು ಸಾಧನ ಹುಡುಕುವವರಿಗೆ ಇದರಿಂದ ಏನೂ ವ್ಯತ್ಯಾಸವಿಲ್ಲ. 7.97, 7.98 ಬಹುತೇಕ ತಿದ್ದುಪಡಿಗಳು. ಹೊಸ ಕ್ಯಾಮೆರಾ, ಹೊಸ ರೌಟರ್‌ಗಳನ್ನು ಸರಿಯಾಗಿ ಗುರುತಿಸಬೇಕು ಎನ್ನುವವರು ಬದಲಾಯಿಸುವುದು ಒಳ್ಳೆಯದು.

ಹಾಕುವ ಬಗೆ: ಮೊದಲು ಹಳೆಯದನ್ನು ಏಪ್ಟ್ (ಉಬುಂಟುವಿನಲ್ಲಿ ತಂತ್ರಾಂಶ ಹಾಕುವ, ತೆಗೆಯುವ ಆಜ್ಞೆ) ಮೂಲಕ ತೆಗೆಯಿರಿ. ‘ಬಿಲ್ಡ್-ಎಸೆನ್ಷಿಯಲ್’, ‘ಲಿಬ್‌ಎಸ್‌ಎಸ್‌ಎಲ್-ಡೆವ್’ ಎರಡನ್ನೂ ಹಾಕಿಕೊಳ್ಳಿ. ಎರಡನೆಯದು ಇಲ್ಲದಿದ್ದರೂ ಕಂಪೈಲ್ ಆಗುತ್ತದೆ, ಆದರೆ ಎಚ್‌ಟಿಟಿಪಿಎಸ್ ಪರೀಕ್ಷಿಸುವ ಸ್ಕ್ರಿಪ್ಟ್‌ಗಳು ಕೆಲಸ ಮಾಡುವುದಿಲ್ಲ. ಎನ್‌ಮ್ಯಾಪ್‌ನ ಅಧಿಕೃತ ತಾಣದಿಂದ ಟಾರ್ ಕಡತ ಇಳಿಸಿ, ಬಿಚ್ಚಿ, ಆ ಫೋಲ್ಡರಿನಲ್ಲಿ ./ಕಾನ್ಫಿಗರ್, ಆಮೇಲೆ ಮೇಕ್, ಕೊನೆಗೆ ಸುಡೋ ಮೇಕ್ ಇನ್‌ಸ್ಟಾಲ್ ಕೊಡಿ (ಸುಡೋ ಎಂದರೆ ನಿರ್ವಾಹಕರ ಅಧಿಕಾರದಲ್ಲಿ ನಡೆಸು ಎಂದು). ಪೈಥಾನ್ ಬಗ್ಗೆ ತಕರಾರು ಬಂದರೆ ಕಾನ್ಫಿಗರ್ ಜೊತೆ --ವಿದೌಟ್-ಝೆನ್‌ಮ್ಯಾಪ್ --ವಿದೌಟ್-ಎನ್‌ಡಿಫ್ ಸೇರಿಸಿ, ಸ್ಕ್ಯಾನ್ ಕೆಲಸಕ್ಕೆ ಅವೆರಡೂ ಬೇಕಿಲ್ಲ. ಮುಗಿದ ಮೇಲೂ ಹಳೆಯ ಜಾಗವನ್ನೇ ಹುಡುಕುತ್ತಿದ್ದರೆ ಟರ್ಮಿನಲ್ ಮುಚ್ಚಿ ಮತ್ತೆ ತೆರೆಯಿರಿ.

ಏಪ್ರಿಲ್ ಸಿಡಿಲಿಗೆ ಹೋಮ್‌ಸ್ಟೇಯ ರೌಟರ್ ಸುಟ್ಟುಹೋಯಿತು. ಹೊಸದು ಹಾಕಿದ ಮೇಲೆ ಸಿಸಿ ಕ್ಯಾಮೆರಾದ ಡಿವಿಆರ್ (ರೆಕಾರ್ಡ್ ಮಾಡುವ ಪೆಟ್ಟಿಗೆ) ಎಲ್ಲೂ ಕಾಣುತ್ತಿಲ್ಲ, ಎನ್‌ಮ್ಯಾಪ್‌ಗೂ ಸಿಗುತ್ತಿಲ್ಲ. ಡಿವಿಆರೂ ಹೋಗಿದೆಯೇ ಸಾರ್?
*ಹೋಮ್‌ಸ್ಟೇ ನಡೆಸುವವರು, ಕಕ್ಕಬ್ಬೆ*

ಮೊದಲು ಡಿವಿಆರ್ ಹಿಂದೆ ನೆಟ್‌ವರ್ಕ್ ಕೇಬಲ್ ಚುಚ್ಚುವ ಜಾಗದ ದೀಪ ನೋಡಿ. ಸಿಡಿಲು ಎಷ್ಟೋ ಸಲ ಕೇಬಲ್ ಹಿಡಿದು ಬಂದು ಆ ಜಾಗವನ್ನು ಮಾತ್ರ ಸುಡುತ್ತದೆ, ರೆಕಾರ್ಡಿಂಗ್ ನಡೆಯುತ್ತಲೇ ಇರುತ್ತದೆ. ಬೇರೆ ಕೇಬಲ್ ಹಾಕಿದರೂ ದೀಪ ಬರದಿದ್ದರೆ ಯಾವ ತಂತ್ರಾಂಶಕ್ಕೂ ಅದು ಸಿಗದು, ರಿಪೇರಿಗೇ ಕೊಡಬೇಕು.

ದೀಪ ಉರಿಯುತ್ತಿದ್ದರೆ ಖಂಡಿತ ಆಸೆಯಿದೆ. ಹೆಚ್ಚಿನ ಡಿವಿಆರ್‌ಗಳಿಗೆ ಹಾಕಿದವರು ಸ್ಥಿರ ವಿಳಾಸ ಕೊಟ್ಟಿರುತ್ತಾರೆ. ಹಳೆಯ ರೌಟರ್ 192.168.0 ಸಾಲಿನಲ್ಲಿತ್ತು, ಹೊಸದು 192.168.1 ಸಾಲಿನಲ್ಲಿದೆ ಎಂದುಕೊಳ್ಳಿ. ಡಿವಿಆರ್ ಹಳೆಯ ವಿಳಾಸ ಹಿಡಿದೇ ಕೂತಿರುತ್ತದೆ, ನೀವು ಹೊಸ ಸಾಲಿನಲ್ಲಿ ಹುಡುಕುತ್ತಿರುತ್ತೀರಿ.

ಲ್ಯಾಪ್‌ಟಾಪನ್ನು ವೈಫೈ ಬಿಟ್ಟು ಕೇಬಲ್‌ನಲ್ಲೇ ರೌಟರಿಗೆ ಜೋಡಿಸಿ. ಅತಿಥಿಗಳಿಗೆ ಕೊಡುವ ಗೆಸ್ಟ್ ವೈಫೈಯಿಂದ ಹುಡುಕಿದರೆ ಒಳಗಿನ ಸಾಧನಗಳು ಕಾಣದಂತೆ ರೌಟರೇ ತಡೆಯುತ್ತದೆ. ‘ಐಪಿ ಎಡಿಡಿಆರ್’ ಎಂದು ಟೈಪಿಸಿ ಕೇಬಲ್ ಕಾರ್ಡಿನ ಹೆಸರು ಗುರುತು ಹಾಕಿಕೊಳ್ಳಿ. ಆಮೇಲೆ ಅದೇ ಕಾರ್ಡಿಗೆ ಎರಡನೇ ವಿಳಾಸ ಕೊಡಿ: ಸುಡೋ ಐಪಿ ಎಡಿಡಿಆರ್ ಆಡ್ 192.168.0.50/24 ಡೆವ್, ಕೊನೆಗೆ ಕಾರ್ಡಿನ ಹೆಸರು. ಈಗ ಸುಡೋ ಎನ್‌ಮ್ಯಾಪ್ -ಎಸ್‌ಎನ್ 192.168.0.0/24. ಸುಡೋ ಬಿಡಬೇಡಿ. ಅದಿದ್ದರೆ ಎನ್‌ಮ್ಯಾಪ್ ಎಆರ್‌ಪಿ (ಒಂದೇ ನೆಟ್‌ವರ್ಕಿನೊಳಗೆ ‘ಈ ವಿಳಾಸ ಯಾರದು?’ ಎಂದು ಕೇಳುವ ಕ್ರಮ) ಬಳಸುತ್ತದೆ, ಪಿಂಗ್‌ಗೆ, ಅಂದರೆ ‘ಇದ್ದೀಯಾ?’ ಎಂಬ ಕರೆಗೆ, ಉತ್ತರ ಕೊಡದ ಸಾಧನವೂ ಎಆರ್‌ಪಿಗೆ ಓಗೊಡಲೇಬೇಕು. ಜೊತೆಗೆ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತುಸಂಖ್ಯೆ), ತಯಾರಕರ ಹೆಸರು ಕೂಡ ಬರುತ್ತದೆ. ಸುಡೋ ಇಲ್ಲದಿದ್ದರೆ 80 ಮತ್ತು 443ನೇ ಪೋರ್ಟ್ ತಟ್ಟಿ ನೋಡಿ ಸುಮ್ಮನಾಗುತ್ತದೆ.

ಅನುಮಾನದ ವಿಳಾಸ ಸಿಕ್ಕಿತೇ? ಅದರ ಮೇಲೆ -ಪಿ 80,554,8000,34567,37777 ಹಾಕಿ. 554 ವೀಡಿಯೊ ಹರಿಸುವ ಪೋರ್ಟ್, ಉಳಿದ ಮೂರು ದೊಡ್ಡವು ಬೇರೆ ಬೇರೆ ಡಿವಿಆರ್ ತಯಾರಕರವು. ಇವುಗಳಲ್ಲಿ ಎರಡು ಮೂರು ‘ಓಪನ್’ ಬಂದರೆ ಅದೇ ನಿಮ್ಮ ಡಿವಿಆರ್. ಅದರ ಮೆನುವಿನಲ್ಲಿ ವಿಳಾಸವನ್ನೂ ಗೇಟ್‌ವೇಯನ್ನೂ (ರೌಟರಿನ ವಿಳಾಸ) ಹೊಸ ಸಾಲಿಗೆ ಬದಲಿಸಿ, ರೌಟರ್ ತಾನಾಗಿ ಹಂಚುವ ವಿಳಾಸಗಳ ವ್ಯಾಪ್ತಿಯಿಂದ ಹೊರಗಿಡಿ. ಕಾರ್ಖಾನೆಯ ಪಾಸ್‌ವರ್ಡ್ ಹಾಗೇ ಇದ್ದರೆ ಅವತ್ತೇ ಬದಲಾಯಿಸಿ, ಅತಿಥಿಗಳ ಓಡಾಟ ಅದರಲ್ಲಿದೆ.

ಬಂಗಲೆಯಿಂದ ಪಲ್ಪರ್ ಶೆಡ್‌ಗೆ ವೈರ್‌ಲೆಸ್ ಲಿಂಕ್ ಇದೆ. ಬೇಸಿಗೆಯಲ್ಲಿ ‘ಓಪನ್’ ತೋರಿಸುತ್ತಿದ್ದ ಪೋರ್ಟ್‌ಗಳು ಜುಲೈಯಲ್ಲಿ ‘ಫಿಲ್ಟರ್ಡ್’ ಎನ್ನುತ್ತಿವೆ. ವೇಗಕ್ಕೆಂದು -ಟಿ5 ಎಂಬ ಆಯ್ಕೆ ಹಾಕುತ್ತೇನೆ.
*ಕಾಫಿ ಬೆಳೆಗಾರರು, ಸೋಮವಾರಪೇಟೆ*

ತೊಂದರೆ ಇರುವುದು ಆ ಟಿ5ರಲ್ಲೇ. ಅದು ಒಂದು ಉತ್ತರಕ್ಕೆ ಹೆಚ್ಚೆಂದರೆ 0.3 ಸೆಕೆಂಡ್ ಕಾಯುತ್ತದೆ, ಎರಡು ಸಲ ಮರುಪ್ರಯತ್ನಿಸಿ ಕೈಬಿಡುತ್ತದೆ. ಉತ್ತರವೇ ಬರಲಿಲ್ಲ ಎಂದರೆ ಎನ್‌ಮ್ಯಾಪ್ ಅದನ್ನು ‘ಫಿಲ್ಟರ್ಡ್’ ಎಂದು ಬರೆಯುತ್ತದೆ. ಫೈರ್‌ವಾಲ್ ತಡೆದರೂ ಅಷ್ಟೇ, ದಾರಿಯಲ್ಲಿ ಪ್ಯಾಕೆಟ್ (ಮಾಹಿತಿಯ ತುಣುಕು) ಕಳೆದರೂ ಅಷ್ಟೇ. ಟಿ4 ಆದರೆ 1.25 ಸೆಕೆಂಡಿನವರೆಗೆ ಕಾದು ಆರು ಸಲ ಯತ್ನಿಸುತ್ತದೆ. ಏನೂ ಹಾಕದಿದ್ದರೆ ಟಿ3. ನಿಮ್ಮ ಲಿಂಕಿಗೆ ಅದೇ ಸರಿ. ಟಿ ದೊಡ್ಡಕ್ಷರ. ಫಲಿತಾಂಶದ ಹಿಂದಿನ ಕಾರಣ ತಿಳಿಯಲು --ರೀಸನ್ ಸೇರಿಸಿ: ‘ನೋ-ರೆಸ್ಪಾನ್ಸ್’ ಎಂದು ಬಂದರೆ ಮೌನ ಎಂದರ್ಥ.

5 ಗಿಗಾಹರ್ಟ್ಸ್ ಸಂಕೇತಕ್ಕೆ ಮಳೆಗಿಂತ ಒದ್ದೆ ಎಲೆ ದೊಡ್ಡ ಶತ್ರು. ಎರಡು ಆಂಟೆನಾಗಳ ನಡುವಿನ ನೇರಕ್ಕೆ ಸಿಲ್ವರ್ ಓಕ್ ಕೊಂಬೆ ಬೆಳೆದಿದೆಯೇ ನೋಡಿ. ಮರಗಸಿ ಮಾಡಿಸುವಾಗ ಆ ದಾರಿಯನ್ನೂ ಬಿಡಿಸಿಕೊಳ್ಳಿ.

ಕಚೇರಿಯ ನೆಟ್‌ವರ್ಕ್ ಸ್ಕ್ಯಾನ್ ಮಾಡಿದಾಗ ಪ್ರಿಂಟರ್ ಅರ್ಥವಿಲ್ಲದ ಅಕ್ಷರಗಳ ಹಾಳೆ ಉಗುಳಿತು. ಯಾಕೆ?
*ಗೋಣಿಕೊಪ್ಪಲು*

9100ನೇ ಪೋರ್ಟಿಗೆ ಏನು ಕಳಿಸಿದರೂ ಪ್ರಿಂಟರ್ ಅದನ್ನು ಮುದ್ರಿಸುತ್ತದೆ. ಪೋರ್ಟಿನ ಹಿಂದೆ ಯಾವ ತಂತ್ರಾಂಶದ ಯಾವ ಆವೃತ್ತಿ ಇದೆ ಎಂಬ ಪತ್ತೆಯಲ್ಲಿ, ಅಂದರೆ -ಎಸ್‌ವಿ ಕೊಟ್ಟಾಗ, ಎನ್‌ಮ್ಯಾಪ್ ಈ ಕಾರಣಕ್ಕೇ 9100ರಿಂದ 9107ರವರೆಗೆ ತಾನಾಗಿ ಬಿಡುತ್ತದೆ. ವಿ ದೊಡ್ಡಕ್ಷರ. ನೀವು --ಆಲ್‌ಪೋರ್ಟ್ಸ್ ಹಾಕಿದ್ದರೆ ಆ ರಕ್ಷಣೆ ಹೋಗುತ್ತದೆ, ತೆಗೆಯಿರಿ. ಅದು ಹಾಕಿರಲಿಲ್ಲ ಎಂದಾದರೆ ನಿಮ್ಮ ಪ್ರಿಂಟರ್ ಬೇರೊಂದು ಪೋರ್ಟಿನಲ್ಲೂ ಮುದ್ರಣ ಕೆಲಸ ತೆಗೆದುಕೊಳ್ಳುತ್ತಿರಬಹುದು. ಅದರ ವಿಳಾಸವನ್ನು --ಎಕ್ಸ್‌ಕ್ಲೂಡ್ ಮುಂದೆ ಬರೆದು ಸ್ಕ್ಯಾನಿನಿಂದಲೇ ಕೈಬಿಡಿ.

ಲ್ಯಾಪ್‌ಟಾಪ್ ಇಲ್ಲ. ಮೊಬೈಲ್‌ನಲ್ಲಿ ಕಲಿಯಬಹುದೇ? ಹಾಸ್ಟೆಲ್ ವೈಫೈ ಮೇಲೆ ಪ್ರಯೋಗಿಸಿದರೆ ತಪ್ಪೇ?
*ವಿದ್ಯಾರ್ಥಿ, ಪೊನ್ನಂಪೇಟೆ*

ಆಂಡ್ರಾಯ್ಡ್‌ನಲ್ಲಿ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್ ಹಾಕಿ, ಅದರೊಳಗೆ ‘ಪಿಕೆಜಿ ಇನ್‌ಸ್ಟಾಲ್ ಎನ್‌ಮ್ಯಾಪ್’ ಕೊಟ್ಟರೆ ಸಾಕು. ರೂಟ್ (ಪೂರ್ಣ ನಿರ್ವಾಹಕ ಅಧಿಕಾರ) ಇಲ್ಲದ ಫೋನಿನಲ್ಲಿ -ಎಸ್‌ಟಿ ಸ್ಕ್ಯಾನ್ ನಡೆಯುತ್ತದೆ, ಇಲ್ಲಿ ಟಿ ದೊಡ್ಡಕ್ಷರ. ಮ್ಯಾಕ್ ವಿಳಾಸವಾಗಲಿ ಕಾರ್ಯಾಚರಣೆ ವ್ಯವಸ್ಥೆಯ ಪತ್ತೆಯಾಗಲಿ ಸಿಗುವುದಿಲ್ಲ.

ಹಾಸ್ಟೆಲ್ ನೆಟ್‌ವರ್ಕ್ ಬೇಡ. ಮಾಲೀಕರ ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಅಥವಾ ನೆಟ್‌ವರ್ಕ್ ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್‌ಗೆ ಬರುತ್ತದೆ. ಅಪ್ರಾಮಾಣಿಕ ಉದ್ದೇಶ ಕಂಡರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬರೀ ಪೋರ್ಟ್ ನೋಡಿದೆ ಎಂಬ ವಾದವನ್ನು ವಾರ್ಡನ್ ಎದುರು ಮಾಡುವ ಪರಿಸ್ಥಿತಿಯನ್ನೇ ತಂದುಕೊಳ್ಳಬೇಡಿ. ಕಲಿಯುವವರಿಗೆಂದೇ ಎನ್‌ಮ್ಯಾಪ್ ತಂಡ ಸ್ಕ್ಯಾನ್‌ಮಿ.ಎನ್‌ಮ್ಯಾಪ್.ಆರ್ಗ್ ಎಂಬ ಯಂತ್ರವನ್ನು ಬಿಟ್ಟುಕೊಟ್ಟಿದೆ, ದಿನಕ್ಕೆ ಕೆಲವು ಸಲ ಅದನ್ನು ಸ್ಕ್ಯಾನ್ ಮಾಡಬಹುದು. ನಿಮ್ಮದೇ ಮನೆಯ ರೌಟರ್ ಇನ್ನೂ ಒಳ್ಳೆಯದು. ಕಾಲೇಜಿನ ಲ್ಯಾಬ್‌ನಲ್ಲೇ ಮಾಡಬೇಕೆಂದಿದ್ದರೆ ಯಾವ ವಿಳಾಸಗಳು, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರವರೆಗೆ ಎಂದು ಬರೆದು, ಲ್ಯಾಬ್ ನೋಡಿಕೊಳ್ಳುವವರ ಸಹಿ ಪಡೆದು ಶುರುಮಾಡಿ.