ಮೊಹರು ಬಿದ್ದ ಹಾಡು, ಮೊಹರಿಲ್ಲದ ಪತ್ರಿಕೆ

ಕಳೆದ ಸಂಚಿಕೆಯಲ್ಲಿ ಬಂದ, ಸೋವಿಯತ್ ಕಾಲದ ಲೆನಿನ್‌ಗ್ರಾಡ್ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ರಾಕ್ ಸಂಗೀತದ ಲೇಖನ ಓದಿ ಧಾರವಾಡದ ಓದುಗರೊಬ್ಬರು ಸಿಟ್ಟಿನಿಂದ ಪತ್ರ ಬರೆದಿದ್ದಾರೆ. ಅದರ ಸಾರಾಂಶ ಇಷ್ಟು: "ನಾವು ಸೋವಿಯತ್ ಪುಸ್ತಕ ಓದಿಕೊಂಡು ಬೆಳೆದವರು. ನಮ್ಮ ಮಕ್ಕಳಿಗೆ ಚಿಲ್ಲರೆ ಕಾಸಿಗೆ ಬಣ್ಣದ ಪುಸ್ತಕ ಕೊಟ್ಟ ದೇಶ ತನ್ನ ಹುಡುಗರಿಗೆ ಒಂದು ಪತ್ರಿಕೆ ಅಚ್ಚು ಹಾಕಲು ಬಿಡಲಿಲ್ಲ ಅಂದರೆ ನಂಬೋದು ಹೇಗೆ? ರಾಕ್‌ಗೆ ನಿಷೇಧ ಅಂತೀರಿ, ಮುಂದಿನ ಪ್ಯಾರಾದಲ್ಲೇ ಸರ್ಕಾರದ ಕಟ್ಟಡದಲ್ಲಿ ರಾಕ್ ಕ್ಲಬ್ ಇತ್ತು ಅಂತೀರಿ. ಹಾಡುಗಳಲ್ಲೂ ಸರ್ಕಾರದ ವಿರುದ್ಧ ಏನೂ ಇಲ್ಲ. ಸುಮ್ನೆ ಊದಿ ದೊಡ್ಡದು ಮಾಡಿದ್ದೀರಿ."

ಸಂಪಾದಕರ ಉತ್ತರ:

ಪುಸ್ತಕದ ಮಾತು ಒಪ್ಪಿದೆ. ಮಾಸ್ಕೋದ ಪ್ರಗತಿ, ರಾದುಗ ಪ್ರಕಾಶನಗಳ ಪುಸ್ತಕ ನನ್ನ ಕಪಾಟಿನಲ್ಲೂ ಇವೆ, ನವಕರ್ನಾಟಕದ ಅಂಗಡಿಯಲ್ಲೇ ಕೊಂಡವು. ಆದರೆ ಅವು ಅಷ್ಟು ಅಗ್ಗವಾಗಿ ಬರಲು ಯಾವುದು ಕಾರಣವೋ, ಅಲ್ಲಿನ ಹುಡುಗರಿಗೆ ಅಚ್ಚುಕೂಟ ಸಿಗದಿರಲೂ ಅದೇ ಕಾರಣ. ಅಚ್ಚುಕೂಟಗಳೆಲ್ಲ ಸರ್ಕಾರದ್ದು. ಬೇಕಾದದ್ದನ್ನು ನಷ್ಟಕ್ಕಾದರೂ ಲಕ್ಷಗಟ್ಟಲೆ ಹೊಡೆಯಬಹುದು. ಅನುಮತಿ ಇಲ್ಲದ್ದು ಒಂದು ಹಾಳೆಯೂ ಹೊರಬರದು. ಗ್ರಾಮಫೋನ್ ತಟ್ಟೆಗೂ ಮೆಲೋದಿಯಾ ಅನ್ನೋ ಸರ್ಕಾರಿ ಕಂಪನಿಯೊಂದೇ ಗತಿ. ಹಾಗಾಗಿ ಬಹಳ ಸಲ ನಿಷೇಧದ ಆದೇಶವೇ ಬೇಕಾಗಿರಲಿಲ್ಲ. ಅಧಿಕಾರಿಗಳು ಅನುಮತಿಯ ಮೊಹರು ಒತ್ತದೆ ಕೂತರೆ ಸಾಕು.

ಇದಕ್ಕೆ ಜನ ಕಂಡುಕೊಂಡ ದಾರಿಗಳನ್ನು ನೋಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಲೆನಿನ್‌ಗ್ರಾಡ್‌ನಲ್ಲಿ ರುಸ್ಲಾನ್ ಬೊಗೊಸ್ಲೊವ್‌ಸ್ಕಿ ಎಂಬಾತ ತಟ್ಟೆ ಕೊರೆಯುವ ಯಂತ್ರವನ್ನು ತಾನೇ ಕಟ್ಟಿದ. ಯಂತ್ರ ಆಯಿತು, ಕೊರೆಯಲು ಪ್ಲಾಸ್ಟಿಕ್ ಎಲ್ಲಿಂದ? ಆಸ್ಪತ್ರೆಗಳು ಬಿಸಾಡುತ್ತಿದ್ದ ಹಳೇ ಎಕ್ಸ್‌ರೇ ಹಾಳೆ. ಕತ್ತರಿಯಲ್ಲಿ ದುಂಡಗೆ ಕತ್ತರಿಸೋದು, ನಡುವೆ ಸಿಗರೇಟಿನ ಕೆಂಡದಿಂದ ತೂತು ಸುಡೋದು. ಒಂದು ಬದಿಯಲ್ಲಿ ಒಂದೇ ಹಾಡು, ಕೊರಕೊರ ಸದ್ದು. ಬೆಳಕಿಗೆ ಹಿಡಿದರೆ ಯಾರದೋ ಪಕ್ಕೆಲುಬು, ಯಾರದೋ ಬುರುಡೆ. ಜನ ಅದನ್ನು ಕರೆದದ್ದೂ ಮೂಳೆ, ಪಕ್ಕೆಲುಬು ಅಂತಲೇ. ಹೊರದೇಶದಲ್ಲಿ ನೆಲೆಸಿದ್ದ ರಷ್ಯನ್ ಗಾಯಕರ ಟ್ಯಾಂಗೋ, ಜಾಝ್, ಆಮೇಲೆ ರಾಕ್ ಎನ್ ರೋಲ್, ಎಲ್ಲ ಹೀಗೆ ಬೀದಿ ಮೂಲೆಯಲ್ಲಿ ಕೋಟಿನ ತೋಳಿನೊಳಗಿಂದ ಕೈ ಬದಲಾಯಿಸಿದವು. ಬೊಗೊಸ್ಲೊವ್‌ಸ್ಕಿ ಜೈಲಿಗೆ ಹೋದ, ಬಂದ, ಮತ್ತೆ ಅದೇ ಕೆಲಸಕ್ಕೆ ಇಳಿದ. ಆಸಾಮಿ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಪ್ರೀತಿ, ಮುಚ್ಚಿಡೋದಿಲ್ಲ.

ಟೇಪ್ ರೆಕಾರ್ಡರ್ ಬಂದ ಮೇಲೆ ಮೂಳೆ ತಟ್ಟೆಗೆ ಬೆಲೆ ಉಳಿಯಲಿಲ್ಲ. ಪತ್ರಿಕೆ ಮಾತ್ರ ಟೈಪ್‌ರೈಟರ್‌ನಲ್ಲೇ. 1977ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ 'ರೋಕ್ಸಿ' ಎಂಬ ರಾಕ್ ಪತ್ರಿಕೆ ಶುರುವಾಯಿತು. ಅದರ ಹಿಂದಿದ್ದವರಲ್ಲಿ ಅಕ್ವಾರಿಯಂ ಎಂಬ ರಾಕ್ ತಂಡದ ಬೊರಿಸ್ ಗ್ರೆಬೆನ್ಶಿಕೊವ್ ಕೂಡ ಒಬ್ಬ. ಹಾಳೆ, ಕಾರ್ಬನ್, ಮತ್ತೆ ಹಾಳೆ, ಮತ್ತೆ ಕಾರ್ಬನ್. ನಮ್ಮ ಹಳೇ ಕಚೇರಿಗಳಲ್ಲಿ ಟೈಪ್ ಮಾಡಿದವರಿಗೆ ಗೊತ್ತು, ಎಷ್ಟು ಜೋರಾಗಿ ಬಡಿದರೂ ಕೆಳಗಿನ ಪ್ರತಿ ಮಸಕೇ. ಒಂದೇ ಪ್ರತಿ ಹತ್ತಾರು ಕೈ ದಾಟುತ್ತಿತ್ತು.

ಇನ್ನು ರಾಕ್ ಕ್ಲಬ್. 1981ರ ಮಾರ್ಚ್ 7ರಂದು ರೂಬಿನ್‌ಸ್ಟೀನ್ ಬೀದಿಯ 13ನೇ ನಂಬರಿನ ಕಟ್ಟಡದಲ್ಲಿ ಅದು ಶುರುವಾದದ್ದು ಅಧಿಕಾರಿಗಳ ಒಪ್ಪಿಗೆಯಿಂದಲೇ, ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಕಣ್ಣೆದುರೇ. ಎಲ್ಲೆಲ್ಲೋ ನೆಲಮಾಳಿಗೆಯಲ್ಲಿ ಹಾಡುವವರು ಒಂದೇ ಕಡೆ ಸಿಕ್ಕರೆ ನಿಗಾ ಇಡುವುದು ಸುಲಭ ಅಲ್ವಾ? ಹಾಡಿನ ಸಾಲುಗಳನ್ನು ಮೊದಲೇ ಕೊಟ್ಟು ಒಪ್ಪಿಗೆ ಪಡೆಯಬೇಕು. ಆಮೇಲೆ ವೇದಿಕೆ. ಅಲ್ಲಿ ಹಾಡಿದವರನ್ನು ಬರೀ ಬಂಡಾಯಗಾರರು ಅಂತ ಹೊಗಳೋದು ನನಗೂ ಸರಿ ಕಾಣದು. ಅವರು ಮೊಹರಿಗೆ ಕೈ ಒಡ್ಡಿದರು, ಜೊತೆಗೆ ಮೊಹರಿಲ್ಲದ ಟೇಪನ್ನೂ ಹಂಚಿದರು.

ಎಲ್ಲ ಊರಿನಲ್ಲೂ ಇಷ್ಟು ಸಡಿಲ ಇರಲಿಲ್ಲ. 1985ರ ಜನವರಿಯಲ್ಲಿ ಉಕ್ರೇನಿನ ನಿಕೊಲಾಯೆವ್ ಎಂಬಲ್ಲಿನ ಕೊಮ್ಸೊಮೊಲ್, ಅಂದರೆ ಕಮ್ಯುನಿಸ್ಟ್ ಪಕ್ಷದ ಯುವ ಸಂಘ, ಡಿಸ್ಕೋಗಳಲ್ಲಿ ಹಾಕಬಾರದ ವಿದೇಶಿ ಕಲಾವಿದರ ಪಟ್ಟಿ ಮಾಡಿತು. ಎದುರಿಗೆ ಕಾರಣವನ್ನೂ ಬರೆದಿತ್ತು. ಟೀನಾ ಟರ್ನರ್: ಲೈಂಗಿಕತೆ. ಹೂಲಿಯೋ ಇಗ್ಲೇಸಿಯಸ್: ನವ ಫ್ಯಾಸಿಸಂ! ಪ್ರೇಮಗೀತೆ ಹಾಡಿಕೊಂಡಿದ್ದ ಮನುಷ್ಯ ಪಾಪ.

ಹಾಡುಗಳಲ್ಲಿ ಸರ್ಕಾರದ ವಿರುದ್ಧ ಏನೂ ಇಲ್ಲ ಅಂದಿರಿ. ಜಾಸ್ತಿ ಹಾಡುಗಳ ಮಟ್ಟಿಗೆ ಸರಿ. ಆದರೆ ಕೇಸು ಬೀಳಲು ರಾಜಕೀಯವೇ ಬೇಕಿರಲಿಲ್ಲ. ವೊಸ್ಕ್ರೆಸೇನಿಯೆ ತಂಡದ ಅಲೆಕ್ಸೇಯ್ ರೊಮಾನೊವ್ 1983ರಲ್ಲಿ ಒಳಗೆ ಹೋದದ್ದು ಕಾರ್ಯಕ್ರಮ ಕೊಟ್ಟು ದುಡ್ಡು ಮಾಡಿದ, ಅಂದರೆ ಖಾಸಗಿ ವ್ಯಾಪಾರ ಮಾಡಿದ ಎಂಬ ಆರೋಪಕ್ಕೆ. ದುಡಿಯದೆ ಸುಮ್ಮನೆ ಇದ್ದರೂ ಅಪರಾಧವೇ. ಕಿನೋ ತಂಡದ ವಿಕ್ಟರ್ ತ್ಸೊಯ್ ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಎತ್ತಿ ಹಾಕುತ್ತಿದ್ದದ್ದು ಸುಮ್ನೆ ಅಲ್ಲ. ಕಾನೂನಿನ ಕಣ್ಣಿಗೆ ಒಂದು ನೌಕರಿ, ಉಳಿದ ಹೊತ್ತು ಗಿಟಾರು.

ಸರ್ಕಾರದ ಕಟ್ಟಡದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಅಂದ್ರೇಯ್ ತ್ರೊಪಿಲ್ಲೋ ಎಂಬಾತ ಲೆನಿನ್‌ಗ್ರಾಡ್‌ನ ಕಿರಿಯ ತಂತ್ರಜ್ಞರ ಭವನದಲ್ಲಿ ಮಕ್ಕಳಿಗೆ ಧ್ವನಿಮುದ್ರಣ ಕಲಿಸುವ ಮೇಷ್ಟ್ರು. ಆ ಸರ್ಕಾರಿ ಸ್ಟುಡಿಯೋದಲ್ಲೇ ಅಕ್ವಾರಿಯಂ, ಕಿನೋ ಹಾಡುಗಳನ್ನು ಕದ್ದುಮುಚ್ಚಿ ಟೇಪಿನಲ್ಲಿ ಹಿಡಿದ. 1986ರಲ್ಲಿ ಜೊವಾನಾ ಸ್ಟಿಂಗ್ರೇ ಎಂಬ ಅಮೆರಿಕದ ಯುವತಿ ನಾಲ್ಕು ತಂಡಗಳ ಟೇಪುಗಳನ್ನು ಗಡಿ ದಾಟಿಸಿ ತನ್ನ ದೇಶದಲ್ಲಿ ಜೋಡಿ ತಟ್ಟೆ ಮಾಡಿ ಬಿಟ್ಟಳು. ಅದಾದ ಸ್ವಲ್ಪ ಸಮಯಕ್ಕೆ ಮೆಲೋದಿಯಾ ತಾನೇ ಅಕ್ವಾರಿಯಂ ತಟ್ಟೆಯೊಂದನ್ನು ಅಂಗಡಿಗೆ ತಂದಿತು. ಹಾಡುಗಳು ಹೊಸವಲ್ಲ. ತ್ರೊಪಿಲ್ಲೋ ಹಿಡಿದಿಟ್ಟವುಗಳಿಂದಲೇ ಆರಿಸಿದ್ದು.