ಅನ್‌ಫಿಟ್ ಬಂತು, ಈಗ ಯಾರಿಗೆ ಹೇಳೋದು?

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ಕರಾವಳಿ ಕಡೆಯ ಎಸಿ ಮೆಕ್ಯಾನಿಕ್. ವಯಸ್ಸು ಮೂವತ್ತರೊಳಗೆ. ಎರಡನೇ ಸಲ ಸೌದಿಗೆ ಹೊರಟಿದ್ದರು. ವೀಸಾಕ್ಕೆ ಮಾಡಿಸುವ ಮೆಡಿಕಲ್ ಪರೀಕ್ಷೆಯಲ್ಲಿ ‘ಅನ್‌ಫಿಟ್’ ಬಂತು. ರಕ್ತ ಪರೀಕ್ಷೆಗಳಲ್ಲಿ ವಿಡಿಆರ್‌ಎಲ್ ರಿಯಾಕ್ಟಿವ್, ಟಿಪಿಎಚ್‌ಎ ಪಾಸಿಟಿವ್. ಅಂದರೆ ಸಿಫಿಲಿಸ್, ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಎಲ್ಲ ನೆಗೆಟಿವ್. ರಿಪೋರ್ಟ್ ಹಿಡಿದು ಸಲಹೆ ಕೇಳಲು ನನ್ನ ಹತ್ತಿರ ಬಂದರು.

"ಮೈಮೇಲೆ ಒಂದು ಗುಳ್ಳೆನೂ ಇಲ್ಲ ಮೇಡಂ. ಹೋದ ಸಲ ಫಿಟ್ ಆಗಿದ್ದೆ. ಏಜೆಂಟ್ ದುಡ್ಡು ಕೊಟ್ರೆ ಬೇರೆ ಸೆಂಟರಲ್ಲಿ ಮಾಡಿಸ್ತೇನೆ ಅಂತಾನೆ. ಕೊಡ್ಲಾ?"

ಬೇಡವೇ ಬೇಡ ಅಂದೆ. ಹೇಗೋ ದಾಟಿಕೊಂಡರೂ ಅಲ್ಲಿ ಇಕಾಮಾಕ್ಕೆ (ಸೌದಿಯ ವಾಸದ ಪರವಾನಗಿ) ಮತ್ತೆ ಮೆಡಿಕಲ್ ಇದೆ. ಅಲ್ಲಿ ಸಿಕ್ಕಿಬಿದ್ದರೆ ವಾಪಸ್ ಕಳಿಸ್ತಾರೆ, ಸಾಲ ಮಾತ್ರ ಉಳಿಯುತ್ತೆ. ಎಲ್ಲ ದೇಶದ ನಿಯಮ ಒಂದೇ ಅಲ್ಲ. ಅಮೆರಿಕ 2010ರಲ್ಲಿ ಎಚ್‌ಐವಿ ಇದ್ದವರ ಮೇಲಿದ್ದ ನಿರ್ಬಂಧ ತೆಗೆದುಹಾಕಿತು. ಗಲ್ಫ್‌ಗೆ ಕೆಲಸಕ್ಕೆ ಹೋಗುವವರಿಗೆ ಅಂಥ ನಿರ್ಬಂಧ ಇನ್ನೂ ಇದೆ. ಇವರ ಅದೃಷ್ಟಕ್ಕೆ ಬಂದಿರುವುದು ಪೂರ್ತಿ ಗುಣವಾಗುವ ಕಾಯಿಲೆ.

ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ತಾನಾಗೇ ಮಾಯುತ್ತೆ. ಆಮೇಲೆ ಸೋಂಕು ವರ್ಷಗಟ್ಟಲೆ ಮೈಯಲ್ಲಿ ಸುಮ್ನೆ ಕೂತಿರಬಹುದು. ಯಾವಾಗ ಬಂತೋ ಗೊತ್ತಿಲ್ಲದ್ದರಿಂದ ಸುರಕ್ಷಾ ಕ್ಲಿನಿಕ್ಕಿನ (ಲೈಂಗಿಕ ಸೋಂಕುಗಳಿಗಿರುವ ಸರ್ಕಾರಿ ಕ್ಲಿನಿಕ್) ಡಾಕ್ಟರು ಬೆಂಜಥಿನ್ ಪೆನಿಸಿಲಿನ್ ಬರೆದರು: 24 ಲಕ್ಷ ಯೂನಿಟ್, ವಾರಕ್ಕೊಮ್ಮೆಯಂತೆ ಮೂರು ಸಲ. ಉಚಿತ. ಒಂದು ಮಾತು ಮೊದಲೇ ಹೇಳಿದೆ: ಗುಣವಾದ ಮೇಲೂ ಟಿಪಿಎಚ್‌ಎ ಸಾಮಾನ್ಯವಾಗಿ ಪಾಸಿಟಿವ್ ಆಗಿಯೇ ಇರುತ್ತೆ. ನೋಡಬೇಕಾದ್ದು ವಿಡಿಆರ್‌ಎಲ್ ಟೈಟರ್ (ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಅಂತ ತೋರಿಸುವ ಅಂಕಿ) ಇಳಿಯುತ್ತಾ ಅಂತ. ಹಾಗಾಗಿ ಇಂಜೆಕ್ಷನ್ ತಾರೀಕು, ಟೈಟರ್ ಎಲ್ಲ ಬರೆಸಿದ ಚೀಟಿ ಜೋಪಾನ. ಅದನ್ನಿಟ್ಟುಕೊಂಡು ಮೆಡಿಕಲ್ ಸೆಂಟರಿನಲ್ಲಿ ಕೇಳಬಹುದು. ಫಿಟ್ ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು, ನಾನು ಭರವಸೆ ಕೊಡಲಿಲ್ಲ.

ವೀಸಾ ಮಾತು ಮುಗಿದ ಮೇಲೆ ಅಸಲು ವಿಷಯ ಬಂತು. ಹೆಂಡತಿ ನಾಲ್ಕು ತಿಂಗಳ ಬಸುರಿ.

"ಅವಳಿಗೆ ತಾಕತ್ತಿನ ಇಂಜೆಕ್ಷನ್ ಅಂತ ಹೇಳಿ ಕೊಟ್ಟುಬಿಡಿ ಮೇಡಂ."

ಇದಕ್ಕೆ ನಾನು ಒಪ್ಪುವುದಿಲ್ಲ. ಆಕೆಯ ರಕ್ತ, ಆಕೆಗೆ ಗೊತ್ತಿರಬೇಕು. ಚಿಕಿತ್ಸೆ ತಡವಾದರೆ ಮಗು ಹೊಟ್ಟೆಯಲ್ಲೇ ಸಾಯಬಹುದು, ಸೋಂಕಿನೊಂದಿಗೇ ಹುಟ್ಟಬಹುದು. ಹೇಗೆ ಹೇಳೋದು ಅಂತ ಅಲ್ಲೇ ಕೂತು ಅಭ್ಯಾಸ ಮಾಡಿದೆವು. "ನಂಗೆ ಒಂದು ಸೋಂಕು ಬಂದಿದೆ. ನಿಂಗೂ ಮಗೂಗೂ ದಾಟಿರಬಹುದು. ಔಷಧಿ ಇದೆ, ಬಾ." ಇಷ್ಟು ಸಾಕು. ಉಳಿದದ್ದನ್ನು ಆಕೆ ಕೇಳಿದಾಗ ಸುಳ್ಳು ಹೇಳಬೇಡಿ ಅಂದೆ.

ಎರಡು ದಿನ ಬಿಟ್ಟು ಜೊತೆಯಾಗಿ ಬಂದರು. ಆಕೆಯ ಕಣ್ಣು ಊದಿತ್ತು. "ಯಾರಿಂದ ಬಂತಂತೆ?" ಎಂದು ನನ್ನನ್ನೇ ಕೇಳಿದರು. ಅದನ್ನು ನಿಮ್ಮ ಗಂಡನೇ ಹೇಳಬೇಕು, ಇವತ್ತು ಮಗುವಿನ ಕೆಲಸ ಮೊದಲು ಮುಗಿಸೋಣ ಅಂದೆ. ಆಕೆಯದೂ ರಿಯಾಕ್ಟಿವ್. ಬಸುರಿಯರಿಗೆ ಪೆನಿಸಿಲಿನ್ ಕೊಡಬಹುದು, ಅದೇ ದಿನ ಮೊದಲ ಡೋಸ್ ಆಯ್ತು. ಇಬ್ಬರ ಚಿಕಿತ್ಸೆಯೂ ಮುಗಿಯುವವರೆಗೆ ಲೈಂಗಿಕ ಸಂಪರ್ಕ ಬೇಡ, ಹೆರಿಗೆ ಡಾಕ್ಟರಿಗೆ ಈ ಚೀಟಿ ತೋರಿಸಲೇಬೇಕು, ಹುಟ್ಟಿದ ಮೇಲೆ ಮಗುವಿಗೂ ಪರೀಕ್ಷೆ.

ಪಾಸ್‌ಪೋರ್ಟ್ ಇನ್ನೂ ಏಜೆಂಟನ ಹತ್ತಿರವೇ ಇತ್ತು. ಅದನ್ನು ಮೊದಲು ಈಸ್ಕೊಂಡು ಬನ್ನಿ ಅಂದೆ.