ಬಾಯಿಪಾಠವನ್ನು ಬೈಯುವ ಮುನ್ನ

ಓದುಗರ ಪತ್ರ: ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮಗಳು ಹತ್ತನೇ ವರ್ಷದ ತರಗತಿಯಲ್ಲಿದ್ದಾಳೆ. ನಮ್ಮ ಎಸ್ಸೆಸ್ಸೆಲ್ಸಿಯಂಥ ಅಲ್ಲಿನ ಜಿಸಿಎಸ್‌ಇಯ ಇಂಗ್ಲಿಷ್ ಸಾಹಿತ್ಯದ ಪರೀಕ್ಷೆಗೆ ಪುಸ್ತಕ ಒಯ್ಯುವಂತಿಲ್ಲ. ಶೇಕ್ಸ್‌ಪಿಯರನ ನಾಟಕ ‘ಮ್ಯಾಕ್‌ಬೆತ್’ನ ಅರವತ್ತು ಸಾಲುಗಳನ್ನು ಕಾರ್ಡುಗಳಲ್ಲಿ ಬರೆದುಕೊಂಡು ಉರು ಹೊಡೆಯುತ್ತಿದ್ದಾಳೆ. ಇದು ಸಾಹಿತ್ಯದ ಓದೇ?

ಸಂಪಾದಕರ ಉತ್ತರ: ನಿಮ್ಮ ಸಂಕಟ ನಿಜವಾದದ್ದೇ. 2017ರಲ್ಲಿ ಹೊಸ ಪರೀಕ್ಷೆ ಶುರುವಾದಾಗಿನಿಂದ ನಾಟಕ, ಕಾದಂಬರಿ, 15 ಪದ್ಯಗಳ ಗುಚ್ಛ, ಎಲ್ಲವನ್ನೂ ತಲೆಯಲ್ಲೇ ಹೊತ್ತೊಯ್ಯಬೇಕು. ಹದಿನೈದರ ವಯಸ್ಸಿಗೆ ಅದು ಭಾರವೇ. ಆದರೆ ಬೈಗುಳ ಬಾಯಿಪಾಠಕ್ಕಲ್ಲ, ಆ ಕಾರ್ಡುಗಳಿಗೆ ಸಲ್ಲಬೇಕು.

ಈ ಪರೀಕ್ಷೆ ನಡೆಸುವ ಮಂಡಳಿಗಳಲ್ಲೊಂದಾದ ಎಕ್ಯೂಎಯ ಅಂಕಗಳ ಹಂಚಿಕೆ ನೋಡಿ. ಶೇಕ್ಸ್‌ಪಿಯರ್ ಪ್ರಶ್ನೆಗೆ 34. ಕೃತಿಯನ್ನು ಆಧರಿಸಿ ವಾದ ಕಟ್ಟುವುದಕ್ಕೆ 12, ಭಾಷೆ ಮತ್ತು ರಚನೆಯ ವಿಶ್ಲೇಷಣೆಗೆ 12, ಕಾಲ-ಸಂದರ್ಭಕ್ಕೆ 6, ಕಾಗುಣಿತ-ವ್ಯಾಕರಣಕ್ಕೆ 4. ಇಷ್ಟೇ ಸಾಲು ಉದ್ಧರಿಸಬೇಕೆಂದು ಎಲ್ಲೂ ಇಲ್ಲ. ನಾಟಕದ ಘಟನೆಯೊಂದನ್ನು ಕರಾರುವಾಕ್ಕಾಗಿ ನೆನೆದರೂ ಅದು ಆಧಾರವೇ. ಮಕ್ಕಳು ಎಡವುವುದು ಬೇರೆ ಕಡೆ. ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾದ ಭಾಗದ ಬಗ್ಗೆಯಷ್ಟೇ ಬರೆದು ಉಳಿದ ನಾಟಕವನ್ನು ಮರೆಯುತ್ತಾರೆ. ಇಲ್ಲವೇ ಶೇಕ್ಸ್‌ಪಿಯರನ ಕಾಲದ ಜೇಮ್ಸ್ ದೊರೆ, ಅವನನ್ನು ಕೊಲ್ಲಲು ಹೂಡಿದ್ದ 1605ರ ಸಿಡಿಮದ್ದಿನ ಪಿತೂರಿ ಎಂದು ಆರೇ ಅಂಕದ ಸಂಗತಿಗೆ ಒಂದು ಪುಟ ಸುರಿಯುತ್ತಾರೆ. ಎರಡು ಪ್ರಶ್ನೆಗಳ ಆ ಪತ್ರಿಕೆಗೆ ಇರುವುದು ಒಂದೂಮುಕ್ಕಾಲು ಗಂಟೆ.

ಹಾಗಾದರೆ ಏನನ್ನು ಬಾಯಿಪಾಠ ಮಾಡಬೇಕು? ಎರಡರಿಂದ ನಾಲ್ಕು ಪದಗಳ ತುಣುಕುಗಳನ್ನು, ಅದೂ ಒಂದಕ್ಕೊಂದು ಕೊಂಡಿಯಾಗಿರುವಂಥವನ್ನು. ಗಂಡ ಮ್ಯಾಕ್‌ಬೆತ್‌ನ ಕೈಯಲ್ಲಿ ದೊರೆ ಡಂಕನ್‌ನ ಕೊಲೆಯಾದೊಡನೆ ಲೇಡಿ ಮ್ಯಾಕ್‌ಬೆತ್ ‘ಎ ಲಿಟಲ್ ವಾಟರ್’ ಸಾಕು, ಕೈ ತೊಳೆದರೆ ಮುಗಿಯಿತು ಎನ್ನುತ್ತಾಳೆ. ಐದನೇ ಅಂಕದ ನಿದ್ದೆನಡಿಗೆಯಲ್ಲಿ ಅದೇ ಹೆಂಗಸು, ಅರೇಬಿಯಾದ ಸುಗಂಧವೆಲ್ಲ ಸೇರಿದರೂ ‘ದಿಸ್ ಲಿಟಲ್ ಹ್ಯಾಂಡ್’ ಕಂಪಾಗದು ಎಂದು ನರಳುತ್ತಾಳೆ. ನೀರನ್ನು ಹಗುರ ಮಾಡಿದ ‘ಲಿಟಲ್’ ಎಂಬ ಪದವೇ ತಿರುಗಿ ಬಂದು ಅವಳ ಕೈ ಹಿಡಿದಿದೆ! ಆರು ಪದಗಳಲ್ಲಿ ಪಾತ್ರದ ಪತನವೆಲ್ಲ ಸಿಕ್ಕಿತು. ಕಾರ್ಡಿನಲ್ಲಿ ಇವು 17ನೇ ಸಾಲು, 52ನೇ ಸಾಲು. ನಡುವಿನ ನಂಟು ಕಾಣುವುದೇ ಇಲ್ಲ.

ಆ ನಂಟು ಕಿವಿಗೆ ಬೀಳಬೇಕಾದರೆ ನಾಟಕವನ್ನು ಗಟ್ಟಿಯಾಗಿ, ಇಡಿಯಾಗಿ ಓದಬೇಕು. ಶೇಕ್ಸ್‌ಪಿಯರನ ದುರಂತಗಳಲ್ಲಿ ಇದೇ ಅತಿ ಚಿಕ್ಕದು. ಎರಡು ಸಂಜೆ ಸಾಕು. ಮಾಟಗಾತಿಯರು ‘ಡಬಲ್, ಡಬಲ್’ ಎಂದು ಮೊದಲ ಅಕ್ಷರಕ್ಕೇ ಒತ್ತು ಕೊಟ್ಟು ನಾಲ್ಕು ಪೆಟ್ಟಿನಲ್ಲಿ ಮಾತಾಡುತ್ತಾರೆ; ಮ್ಯಾಕ್‌ಬೆತ್‌ನ ಸಾಲಿಗೆ ಐದು ಪೆಟ್ಟು. ಭಾಮಿನಿ ಷಟ್ಪದಿ ಓದುತ್ತಿದ್ದವರು ವಾರ್ಧಕಕ್ಕೆ ಹೊರಳಿದರೆ ತಟ್ಟನೆ ತಿಳಿಯುವುದಿಲ್ಲವೇ, ಹಾಗೆ. ಇನ್ನು ಮ್ಯಾಕ್‌ಬೆತ್ ಬಾಯಿಂದ ಬರುವ ಮೊಟ್ಟಮೊದಲ ಸಾಲಿನಲ್ಲೇ ಮಾಟಗಾತಿಯರು ಮೊದಲ ದೃಶ್ಯದಲ್ಲಿ ಆಡಿದ ‘ಫೌಲ್’ (ಕೆಟ್ಟದ್ದು), ‘ಫೇರ್’ (ಚೆಂದದ್ದು) ಎರಡೂ ಇವೆ, ಅವರನ್ನು ಅವನು ಕಾಣುವ ಮೊದಲೇ. ಗಟ್ಟಿಯಾಗಿ ಓದಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಗಮಕಿಗಳು ಕುಮಾರವ್ಯಾಸನನ್ನು ಊರೂರಿಗೆ ತಲುಪಿಸಿದ್ದು ಹೀಗೆಯೇ. ಅಕ್ಷರ ಬಾರದವರಿಗೂ ಪದ್ಯ ಬಾಯಿಗೆ ಬರುತ್ತಿತ್ತು, ಅರ್ಥದ ಸಮೇತ. ಅಂಥ ನಾಡಿನಲ್ಲಿ ನಾವು ಏನು ಮಾಡಿಕೊಂಡಿದ್ದೇವೆ? ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ‘ಪದ್ಯಭಾಗ ಪೂರ್ಣಗೊಳಿಸಿ’ ಒಂದು ಪ್ರಶ್ನೆ, ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಇನ್ನೊಂದು. ಎರಡೂ ಒಳ್ಳೆಯ ಪ್ರಶ್ನೆಗಳೇ. ಆದರೆ ಸ್ವಾರಸ್ಯವೂ ಗೈಡಿನಲ್ಲಿ ಸಿದ್ಧವಾಗಿ ಸಿಗುತ್ತದೆ! ರುಚಿ ಬೇರೆಯವರು ನೋಡಿ ಹೇಳಿದ ಮೇಲೆ ಮಗುವಿಗೆ ಉಳಿಯುವುದು ಎಂಜಲು. ರೆಡಿಂಗ್‌ನ ಕಾರ್ಡಿಗೂ ನಮ್ಮ ಗೈಡಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ನಿಮ್ಮ ಮೇಲೂ ಒಂದು ಸಣ್ಣ ಆಕ್ಷೇಪ: ಮಗಳ ಕಾರ್ಡುಗಳನ್ನು ಎಣಿಸಿದ್ದೀರಿ, ನಾಟಕವನ್ನು ಜೊತೆಗೆ ಓದಿದ್ದಾಗಿ ಬರೆದಿಲ್ಲ. ಡಿ.ವಿ.ಜಿ.ಯವರ ಕನ್ನಡ ‘ಮ್ಯಾಕ್‌ಬೆತ್’ ಇದೆ. ಅವಳು ಇಂಗ್ಲಿಷಿನಲ್ಲಿ ಒಂದು ದೃಶ್ಯ ಓದಲಿ, ಅದೇ ದೃಶ್ಯವನ್ನು ನೀವು ಕನ್ನಡದಲ್ಲಿ ಓದಿ. ಮುಗಿದ ಮೇಲೆ ಪುಸ್ತಕ ಮುಚ್ಚಿ, ಅವಳಿಗೆ ತಾನಾಗಿ ನೆನಪಿಗೆ ಬಂದ ತುಣುಕುಗಳನ್ನಷ್ಟೇ ಬರೆದುಕೊಳ್ಳಲಿ. ಇಪ್ಪತ್ತು ಬಂದರೆ ಪರೀಕ್ಷೆಗೆ ಧಾರಾಳ.